ಸಭ್ಯ ಹಾರ್ನು

ಪುಣೆಯ ಕೋಥರೂಡ್‌ನಲ್ಲಿ ನಾವಿರುವ ಸೊಸೈಟಿಯಲ್ಲಿ ಸ್ವಲ್ಪ ಕಾಲದ ಹಿಂದಿನವರೆಗೂ ನನಗೊಂದು ಒಳ್ಳೆಯ ಹೆಸರಿತ್ತು. ಬೆಳಿಗ್ಗೆ ಹಾಲು ತರಲು ನನ್ನ ಹಳೆಯ ಜಾವಾ ಬೈಕು ಗೇಟು ದಾಟುವಾಗ ಮೂರನೆಯ ಮಹಡಿಯ ಹುಡುಗ ಬಾಲ್ಕನಿಯಿಂದ ಬಗ್ಗಿ, "ಕಾಕಾ, ತುಮಚಾ ಹಾರ್ನ್ ಕಿತೀ ಸಭ್ಯ ಆಹೆ!" ಎಂದು ನಗುತ್ತಿದ್ದ. ನಿಮ್ಮ ಹಾರ್ನು ಎಷ್ಟು ಸಭ್ಯ ಎಂದು ಅದರ ಅರ್ಥ. ಈ ಊರಿನಲ್ಲಿ ಹಾರ್ನು ಅನ್ನುವುದು ಬೈಗುಳದ ಇನ್ನೊಂದು ರೂಪ. ಸಿಗ್ನಲ್ಲು ಹಸಿರಾಗುವ ಮೊದಲೇ ಹಿಂದಿನವನು ಶುರುಮಾಡುತ್ತಾನೆ. ಅಂಥ ಕಡೆ ನನ್ನ ಗಾಡಿ ಮಾತ್ರ, ಗಂಟಲು ಕೆಟ್ಟ ಹೆಗ್ಗಪ್ಪೆಯ ಹಾಗೆ, ಗೊರ್ ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಜನ ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡೆ. ನಾವು ಕನ್ನಡದವರು ಹೀಗೇ ಸ್ವಾಮಿ, ಮೆತ್ತಗಿನವರು, ನಮ್ಮ ಗಾಡಿಯೂ ಹಾಗೇ ಎಂದು ಒಂದೆರಡು ಸಲ ಹೇಳಿಯೂ ಬಿಟ್ಟಿದ್ದೆ.

ಆ ಹಾರ್ನು ಸಭ್ಯವಾಗಿರಲಿಲ್ಲ, ಕೆಟ್ಟಿತ್ತು. ಅದು ನನಗೆ ಮೊದಲಿನಿಂದ ಗೊತ್ತಿತ್ತು. ಈ ಬರಹ ಆ ಗೊತ್ತಿದ್ದದ್ದರ ಬಗ್ಗೆ.

ಮೈಸೂರು ಕಡೆಯವರಿಗೆ ಜಾವಾ ಎಂದರೆ ಏನು ಎಂದು ವಿವರಿಸಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಆ ಬೈಕು ತಯಾರಾಗುತ್ತಿತ್ತು. ಆಮೇಲೆ ಅದೇ ಕಾರ್ಖಾನೆ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿ ಮಾಡಿತು, 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಆದರೆ ನಮ್ಮ ತಲೆಮಾರಿಗೆ ಜಾವಾ ಎಂದರೆ ಆ ಹಳೆಯದೇ. ಕಿಕ್ ಹೊಡೆಯುವ ಕಡ್ಡಿಯೇ ಮಡಚಿದರೆ ಗೇರು, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಎರಡು ಸೈಲೆನ್ಸರು, ಹಿಂದೆ ನೀಲಿ ಹೊಗೆ. ನಮ್ಮಪ್ಪ ಕೃಷಿ ಇಲಾಖೆಯಲ್ಲಿದ್ದರು. 1968ರಲ್ಲಿ ಸಾಲ ಮಾಡಿ ಒಂದು ಕೊಂಡರು. ನಂಜನಗೂಡಿನಿಂದ ಹುಲ್ಲಹಳ್ಳಿ, ಅಲ್ಲಿಂದ ಒಳಹಳ್ಳಿಗಳಿಗೆ ಬಿತ್ತನೆ ಬೀಜ, ಗೊಬ್ಬರದ ಕೆಲಸಕ್ಕೆ ಅದರ ಮೇಲೇ ಓಡಾಟ. ರಜೆಯಲ್ಲಿ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು.

ಅಪ್ಪ ಹಾರ್ನು ಮಾಡುವುದಕ್ಕೆ ಒಂದು ಕ್ರಮವಿತ್ತು. ಮುಂದೆ ಎತ್ತಿನಗಾಡಿ ಕಂಡರೆ ಹತ್ತಿರ ಹೋಗಿ ಒತ್ತುತ್ತಿರಲಿಲ್ಲ. ದೂರದಲ್ಲೇ ಒಮ್ಮೆ, ಗಟ್ಟಿಯಾಗಿ. ಆಮೇಲೆ ವೇಗ ಇಳಿಸಿ ನಿಧಾನವಾಗಿ ಪಕ್ಕದಲ್ಲಿ ಸಾಗುವುದು. "ಹತ್ರ ಹೋಗಿ ಹೊಡದ್ರೆ ಎತ್ತು ಬೆದರುತ್ತೆ ಕಣಪ್ಪ. ಮೊದಲೇ ಹೇಳಿದ್ರೆ ಗಾಡಿಯವನು ಮೂಗುದಾರ ಬಿಗಿ ಹಿಡ್ಕೋತಾನೆ" ಅನ್ನುತ್ತಿದ್ದರು. ಆ ಹಾರ್ನಿನ ಶಬ್ದ ನನಗೆ ಇನ್ನೂ ಕಿವಿಯಲ್ಲಿದೆ. ಕರ್ಕಶವಲ್ಲ, ಆದರೆ ಹೊಲದಾಚೆ ಕೇಳುವಂಥದು.

1988ರಲ್ಲಿ ಬಡ್ತಿಯ ಮೇಲೆ ನಾನು ಪುಣೆಗೆ ಬಂದೆ. ಎಂಕಾಂ ಓದಿದ್ದೆ, ಬ್ಯಾಂಕಿನ ಪರೀಕ್ಷೆಗಳು ಆಗಿದ್ದವು, ಲೆಕ್ಕದಲ್ಲಿ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಮಾತಿನಲ್ಲಿ. ಮರಾಠಿ ಬರುವುದಿಲ್ಲ, ಹಿಂದಿ ಪುಸ್ತಕದ್ದು. ಸ್ತ್ರೀಲಿಂಗ ಪುಲ್ಲಿಂಗ ತಪ್ಪಿದರೆ ಕೌಂಟರಿನ ಆಚೆ ಈಚೆ ಎರಡೂ ಕಡೆ ನಗು. ಹಾಗಾಗಿ ಕಡಿಮೆ ಮಾತಾಡುವುದನ್ನು, ತಗ್ಗಿಸಿ ಮಾತಾಡುವುದನ್ನು ಕಲಿತೆ. ಪರ ಊರಿನಲ್ಲಿ ಬದುಕುವವರು ಮೊದಲು ಕಲಿಯುವ ಪಾಠ ಇದು. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವಾಗಲೂ ಮೆತ್ತಗೆ ಹೊಡೆಯುತ್ತೇವೆ. ಕೆಲವು ವರ್ಷಗಳಲ್ಲಿ ಮರಾಠಿ ಚೆನ್ನಾಗಿಯೇ ಬಂತು, ತಗ್ಗಿದ ದನಿ ಮಾತ್ರ ಹಾಗೇ ಉಳಿಯಿತು. ಎಲ್ಲರೂ ಅದನ್ನು ಸೌಜನ್ಯ ಎಂದು ಕರೆದರು. ಅಷ್ಟು ಹೊತ್ತಿಗೆ ನನಗೂ ಅದು ಸೌಜನ್ಯವೇ ಅನ್ನಿಸತೊಡಗಿತ್ತು.

2019ರಲ್ಲಿ ನಿವೃತ್ತನಾದೆ. ಅಪ್ಪ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರು. ಗಾಡಿ ನಂಜನಗೂಡಿನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತಾಗ ಅದರದೇ ಯೋಚನೆ. 2021ರಲ್ಲಿ ಲಾರಿಯಲ್ಲಿ ಹಾಕಿಸಿ ಪುಣೆಗೆ ತರಿಸಿದೆ. ಹೆಂಡತಿ ನೋಡಿ, "ರೀ, ಇದನ್ನ ರಿಪೇರಿ ಮಾಡಿಸೋ ದುಡ್ಡಲ್ಲಿ ನಾವಿಬ್ಬರೂ ಕಾಶಿಗೆ ಹೋಗಿ ಬರಬಹುದಿತ್ತು" ಅಂದಳು. ಎರಡು ಸಲ ಹೋಗಿ ಬರಬಹುದಿತ್ತು ಎಂದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು.

ಹಳೆಯ ಗಾಡಿಗಳನ್ನು ಹೊಸದರಂತೆ ಮಾಡಿಕೊಡುವ ಒಂದು ಗ್ಯಾರೇಜಿಗೆ ಕೊಟ್ಟೆ. ಏಳು ತಿಂಗಳು ಹಿಡಿಯಿತು. ಎಂಜಿನ್ ಬಿಚ್ಚಿದರು, ಬೋರ್ ಮಾಡಿಸಿದರು, ಹೊಸ ಪಿಸ್ಟನ್ ಹಾಕಿದರು, ಹ್ಯಾಂಡಲ್ಲು ರಿಮ್ಮುಗಳಿಗೆ ಕ್ರೋಮು, ಉಳಿದ ಮೈಗೆಲ್ಲ ಹಳೆಯ ಬಣ್ಣ ಕೆರೆದು ಅಚ್ಚ ಕೆಂಪು ಮತ್ತು ಕಪ್ಪು ಬಣ್ಣ. ಬಂದ ದಿನ ನೋಡಬೇಕಿತ್ತು ನೀವು. ಮದುವೆಗೆ ಹೊರಟ ಹಾಗಿತ್ತು. ಸೊಸೈಟಿಯ ಜನ ಎಲ್ಲ ಫೋಟೋ ತೆಗೆಸಿಕೊಂಡರು. ಆಗಲೇ ಹಾರ್ನಿನ ಗುಂಡಿ ಒತ್ತಿದೆ. ಗೊರ್ ಅಂತು. "ಸಿಕ್ಸ್ ವೋಲ್ಟ್ ಸರ್, ಹಳೇ ಗಾಡಿ, ಇಷ್ಟೇ ಬರೋದು" ಎಂದರು ಗ್ಯಾರೇಜಿನವರು. ಸುಳ್ಳು ಎಂದು ನನಗೆ ಗೊತ್ತಿತ್ತು. ಹುಲ್ಲಹಳ್ಳಿ ರಸ್ತೆಯಲ್ಲಿ ಅದೇ ಆರು ವೋಲ್ಟಿನಲ್ಲಿ ಅದೇ ಹಾರ್ನು ಹೇಗೆ ಕೂಗುತ್ತಿತ್ತು ಎಂದು ಕೇಳಿದವನು ನಾನು. ಆದರೂ, ಹೋಗಲಿ ಬಿಡು ಅನ್ನಿಸಿತು. ಅಷ್ಟು ಚೆಂದದ ಗಾಡಿಯ ಮುಂದೆ ಹಾರ್ನಿನದು ಒಂದು ತಕರಾರೇ?

ಇಷ್ಟಾಗಿದ್ದರೆ ಉದಾಸೀನ ಎನ್ನಬಹುದಿತ್ತು. ಇನ್ನೊಂದು ಮಾಡಿದೆ. ಮೈಸೂರಿನಿಂದ ಎನ್‌ಒಸಿ ತರಿಸಿ ಇಲ್ಲಿ ನೋಂದಣಿ, ಫಿಟ್‌ನೆಸ್ ಮಾಡಿಸಬೇಕಿತ್ತಲ್ಲ, ಗಾಡಿ ತೋರಿಸುವ ಹಿಂದಿನ ರಾತ್ರಿಯೆಲ್ಲ ಬ್ಯಾಟರಿಯನ್ನು ಚಾರ್ಜಿಗಿಟ್ಟೆ. ತುಂಬಿದ ಬ್ಯಾಟರಿಗೆ ಬೆಳಿಗ್ಗೆ ಹಾರ್ನು ಸ್ವಲ್ಪ ಗಟ್ಟಿಯಾಗಿ ಬಂತು. ಪರೀಕ್ಷೆ ಪಾಸಾಯಿತು. ಬ್ಯಾಂಕಿನಲ್ಲಿದ್ದವರಿಗೆ ಇದು ಹೊಸದಲ್ಲ. ಮಾರ್ಚ್ 31ರ ಸಂಜೆ ಡಿಪಾಜಿಟ್ಟಿನ ಮೊತ್ತ ದೊಡ್ಡದಾಗಿ ಕಾಣಲೆಂದು ಬೇಕಾದವರಿಂದ ಹಣ ತಂದು ಇರಿಸುವುದು, ಏಪ್ರಿಲ್ ಮೊದಲ ವಾರ ವಾಪಸು ಕೊಡುವುದು. ಮೂವತ್ತೇಳು ವರ್ಷದ ಸರ್ವೀಸಿನಲ್ಲಿ ಅದನ್ನು ನಾನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ.

2023ರ ಡಿಸೆಂಬರ್. ನಮ್ಮ ಸೊಸೈಟಿಯಿಂದ ಮುಖ್ಯ ರಸ್ತೆಗೆ ಇಳಿಯುವ ಓಣಿಯಲ್ಲಿ ಬೆಳಿಗ್ಗೆ ತರಕಾರಿ ಗಾಡಿ ನಿಲ್ಲುತ್ತದೆ. ಇಳಿಜಾರು, ಆಕ್ಸಿಲರೇಟರ್ ಬಿಟ್ಟಿದ್ದೆ. ಹಾಗೆ ಬಿಟ್ಟಾಗ ಟೂ ಸ್ಟ್ರೋಕ್ ಎಂಜಿನ್ನು ಅಷ್ಟೇನೂ ಸದ್ದು ಮಾಡುವುದಿಲ್ಲ. ಪಕ್ಕದ ಕಟ್ಟಡದ ಆಜೋಬಾ, ನಿವೃತ್ತ ಶಾಲಾ ಮೇಷ್ಟ್ರು, ಎಂಬತ್ತು ದಾಟಿದವರು, ಮೆಂತ್ಯದ ಕಟ್ಟು ಆರಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಹದಿನೈದು ಮಾರು ದೂರದಲ್ಲೇ ನಾನು ನೋಡಿದೆ. ಹಾರ್ನು ಒತ್ತಿದೆ. ಗೊರ್. ಅವರಿಗೆ ಕೇಳಲಿಲ್ಲ, ಇನ್ನೊಂದು ಹೆಜ್ಜೆ ಹಿಂದಿಟ್ಟರು. ಬ್ರೇಕು ಹಿಡಿದೆ, ಗಾಡಿ ಜಾರಿ ಅವರ ಪಕ್ಕದಲ್ಲೇ ನಿಂತಿತು. ತಾಗಲಿಲ್ಲ. ಆದರೆ ಕೊನೆಯ ಕ್ಷಣದಲ್ಲಿ ಅವರು ತಿರುಗಿ ನೋಡಿ ಹೆದರಿ ಕೆಳಗೆ ಬಿದ್ದರು. ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆ ವಯಸ್ಸಿನಲ್ಲಿ ಆರು ವಾರ ಪ್ಲಾಸ್ಟರು ಎಂದರೆ ಊಟಕ್ಕೂ ಇನ್ನೊಬ್ಬರ ಕೈ ಬೇಕು.

ಎಲ್ಲರೂ ನನ್ನದು ತಪ್ಪಿಲ್ಲ ಎಂದರು. ತರಕಾರಿಯವನು ಎಂದ, ಅವರ ಮಗ ಎಂದ, ಸ್ವತಃ ಆಜೋಬಾ ಎಂದರು. ಆಸ್ಪತ್ರೆಯ ಖರ್ಚು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. "ನೀವು ಹಾರ್ನ್ ಮಾಡಿದಿರಿ, ನಮ್ಮಪ್ಪನ ಕಿವಿ ಮಂದ" ಎಂದ ಮಗ. ಕಿವಿ ಮಂದವಿಲ್ಲ ಅವರಿಗೆ. ನನ್ನೊಡನೆ ಪಾರ್ಕಿನ ಬೆಂಚಿನ ಮೇಲೆ ಕೂತು ಪಿಸುದನಿಯಲ್ಲಿ ಸೊಸೈಟಿಯ ರಾಜಕೀಯ ಮಾತಾಡುವ ಮನುಷ್ಯ ಅವರು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಪ್ರಶ್ನೆ ಕೂತುಬಿಟ್ಟಿತು. ಯಾರೂ ತಪ್ಪು ಹೊರಿಸದಿದ್ದಾಗ ತಪ್ಪು ಇರುತ್ತದೆಯೇ? ಕಾನೂನಿನ ಪ್ರಕಾರ ಗಾಡಿಯಲ್ಲಿ ಹಾರ್ನಿತ್ತು, ಫಿಟ್‌ನೆಸ್ ಇತ್ತು, ವೇಗ ಕಡಿಮೆ ಇತ್ತು, ಒತ್ತಬೇಕಾದಾಗ ಒತ್ತಿದ್ದೆ. ಕಾಗದದ ಮೇಲೆ ನಾನು ಶುದ್ಧ. ಆದರೆ ಒತ್ತಿದರೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದ ಗುಂಡಿಯನ್ನು ಒತ್ತಿ, ನಾನು ಎಚ್ಚರಿಸಿದೆ ಎಂದುಕೊಳ್ಳುವುದು ಹೇಗೆ?

ಬೆಳಿಗ್ಗೆ ಎದ್ದವನೇ ಹಾರ್ನು ಸರಿಮಾಡಿಸಬೇಕೆಂದು ಹೊರಟೆ. ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯ ಹುಡುಗ ಒಂದೇ ಮಾತಿನಲ್ಲಿ ಮುಗಿಸಿದ. "ಕಾಕಾ, ಇದನ್ನ ತೆಗೆದು ಬಿಸಾಕಿ. ಹನ್ನೆರಡು ವೋಲ್ಟಿನ ಬೇರೆ ಬ್ಯಾಟರಿ ಇಟ್ಟು ಬಸ್ಸಿನ ಹಾರ್ನು ಹಾಕ್ತೀನಿ. ಎದುರಿಗೆ ಬಂದವನು ಓಡಬೇಕು." ಕೋಪ ಬಂದಿದ್ದ ಹೊತ್ತು, ಹಾಕಿಸಿಯೇ ಬಿಡುತ್ತಿದ್ದೆನೋ ಏನೋ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಾರ್ನು ಇರಲೇಬೇಕು ಎಂದು ಹೇಳುವ 119ನೇ ನಿಯಮವೇ ಅದು ಅತಿ ಕರ್ಕಶವಾಗಿ, ಬೆಚ್ಚಿಬೀಳಿಸುವ ಹಾಗೆ ಇರಕೂಡದು ಎಂದೂ ಹೇಳುತ್ತದೆ. ಎರಡೂ ಒಂದೇ ನಿಯಮದಲ್ಲಿ ಇರುವುದನ್ನು ಗಮನಿಸಬೇಕು. ಅಪ್ಪ ಎತ್ತಿನ ಹತ್ತಿರ ಹಾರ್ನು ಮಾಡದೆ ದೂರದಲ್ಲೇ ಮಾಡುತ್ತಿದ್ದದ್ದೂ ಇದೇ ಕಾನೂನು. ಕೇಳಿಸಬೇಕು, ಬೆದರಿಸಬಾರದು.

ನಾನಾ ಪೇಟೆಯಲ್ಲಿ ಹಳೆಯ ಗಾಡಿಗಳ ಬಿಡಿಭಾಗಗಳ ಸಾಲು ಸಾಲು ಅಂಗಡಿ. ಅಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಚಾಚಾ ಅನ್ನುತ್ತಾರೆ. ಗಾಡಿ ನೋಡಿ ಮೊದಲು ಹೊಗಳಲಿಲ್ಲ, ಅದೇ ನನಗೆ ಸಮಾಧಾನವಾಯಿತು. ಹಾರ್ನನ್ನು ಬಿಚ್ಚಿ ಕೈಗೆ ತೆಗೆದುಕೊಂಡು ಎರಡು ವೈರಿನಲ್ಲಿ ನೇರ ಬ್ಯಾಟರಿಗೆ ಮುಟ್ಟಿಸಿದರು. ಇಡೀ ಓಣಿ ತಿರುಗಿ ನೋಡಿತು. ಐವತ್ತು ವರ್ಷದ ಹಿಂದೆ ಕೇಳಿದ ಅದೇ ಶಬ್ದ. ನನಗೆ ಮಾತು ಹೊರಡಲಿಲ್ಲ. ಚಾಚಾ ಮಾತ್ರ, "ಭೋಂಪು ಚೆನ್ನಾಗಿದೆ. ರಸ್ತೆ ಖರಾಬಾಗಿದೆ" ಎಂದು ಹಿಂದಿಯಲ್ಲಿ ಹೇಳಿ ಬೀಡಿ ಹಚ್ಚಿದರು.

ಹಾರ್ನು ಕೆಲಸ ಮಾಡುವ ರೀತಿ ಸರಳ. ಒಳಗೊಂದು ತಂತಿಯ ಸುರುಳಿ, ಅದರ ಎದುರು ಒಂದು ತೆಳುವಾದ ಉಕ್ಕಿನ ತಗಡು. ಗುಂಡಿ ಒತ್ತಿದರೆ ಸುರುಳಿ ಆಯಸ್ಕಾಂತವಾಗಿ ತಗಡನ್ನು ಎಳೆಯುತ್ತದೆ. ಎಳೆದ ಕೊನೆಯಲ್ಲಿ ಪಾಯಿಂಟು ಬಿಟ್ಟುಕೊಂಡು ಕರೆಂಟು ನಿಲ್ಲುತ್ತದೆ, ತಗಡು ಹಿಂದಕ್ಕೆ ಚಿಮ್ಮುತ್ತದೆ, ಪಾಯಿಂಟು ಮತ್ತೆ ಕೂಡುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ನಮಗೆ ಅದು ಒಂದೇ ಶಬ್ದವಾಗಿ ಕೇಳುತ್ತದೆ. ಹಿಂದೆ ಒಂದು ಸಣ್ಣ ಸ್ಕ್ರೂ ಇರುತ್ತದೆ, ಪಾಯಿಂಟು ಯಾವಾಗ ಬಿಡಬೇಕು ಎಂದು ಹೊಂದಿಸುವುದಕ್ಕೆ. ಎಷ್ಟೋ ಜನ ಹಾರ್ನು ಮೆತ್ತಗಾದರೆ ಮೊದಲು ಆ ಸ್ಕ್ರೂ ತಿರುಗಿಸುತ್ತಾರೆ. ತಿರುಗಿಸಿ ತಿರುಗಿಸಿ ಇದ್ದದ್ದನ್ನೂ ಕೆಡಿಸುತ್ತಾರೆ. ಚಾಚಾ ಅದನ್ನು ಮುಟ್ಟಲೇ ಇಲ್ಲ.

ಮೀಟರು ತಂದರು. ಗುಂಡಿ ಒತ್ತಿ ಹಿಡಿದಾಗ ಬ್ಯಾಟರಿಯಲ್ಲಿ ಆರು ವೋಲ್ಟು. ಹಾರ್ನಿನ ತುದಿಗಳಲ್ಲಿ ನಾಲ್ಕು. ಎರಡು ಎಲ್ಲಿ ಹೋಯಿತು? ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ಹನ್ನೊಂದರವರೆಗೆ ಬ್ಯಾಂಕಿನಲ್ಲಿ ಕೂರುತ್ತಿದ್ದ ಮನುಷ್ಯ ನಾನು, ಬಗ್ಗಿ ನೋಡತೊಡಗಿದೆ. ಈ ಗಾಡಿಯಲ್ಲಿ ಹಾರ್ನಿಗೆ ಹೋಗುವುದಕ್ಕಷ್ಟೇ ವೈರು. ವಾಪಸು ಬರುವ ದಾರಿ ಗಾಡಿಯ ಮೈಯೇ. ಗುಂಡಿಯಿಂದ ಹ್ಯಾಂಡಲ್ಲು, ಹ್ಯಾಂಡಲ್ಲಿನಿಂದ ಅದನ್ನು ಹಿಡಿದ ಕ್ಲಾಂಪು, ಅಲ್ಲಿಂದ ಫೋರ್ಕು, ಬೇರಿಂಗು, ಫ್ರೇಮು, ಕೊನೆಗೆ ಬ್ಯಾಟರಿ. ಇದನ್ನೇ ಅರ್ತು ಅನ್ನುವುದು. ಚಾಚಾ ಮೀಟರಿನ ಒಂದು ಕಡ್ಡಿಯನ್ನು ಹ್ಯಾಂಡಲ್ಲಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವಿಗೂ ಇಟ್ಟರು. ಗುಂಡಿ ಒತ್ತಿದಾಗ ಅಲ್ಲಿ ಸೊನ್ನೆ ಇರಬೇಕಿತ್ತು. ಒಂದೂವರೆಗೂ ಮೇಲೆ ತೋರಿಸಿತು. ಹನ್ನೆರಡು ವೋಲ್ಟಿನ ಗಾಡಿಯಲ್ಲಾದರೆ ಇಷ್ಟು ಕೊರತೆ ಹೇಗೋ ಮುಚ್ಚಿಹೋಗುತ್ತದೆ. ಆರರಲ್ಲಿ ಒಂದೂವರೆ ಎಂದರೆ ಕಾಲು ಭಾಗ.

ಕ್ಲಾಂಪು ಬಿಚ್ಚಿದರು. ಒಳಗೆಲ್ಲ ಬಣ್ಣ. ಗ್ಯಾರೇಜಿನವರು ಎಷ್ಟು ಶ್ರದ್ಧೆಯಿಂದ ಬಣ್ಣ ಹೊಡೆದಿದ್ದರು ಎಂದರೆ, ಕಬ್ಬಿಣಕ್ಕೆ ಕಬ್ಬಿಣ ಮುಟ್ಟಬೇಕಾದ ಜಾಗಗಳಲ್ಲೂ ಎರಡು ಕೋಟು ಹೊಡೆದಿದ್ದರು. ಗಾಡಿ ಚೆಂದ ಕಾಣಲೆಂದು ಬಳಿದದ್ದೇ ಅದರ ಗಂಟಲನ್ನು ಹಿಡಿದಿತ್ತು. ಎಮರಿ ಕಾಗದ ಹಾಕಿ ತಿಕ್ಕುವಾಗ ನನಗೆ ಹೊಟ್ಟೆ ಚುರ್ರೆಂದಿತು, ಅಷ್ಟು ದುಡ್ಡು ಕೊಟ್ಟ ಬಣ್ಣ ಅದು. "ಸಾಹೇಬ್, ಹೊರಗೆ ಕಾಣೋದಿಲ್ಲ ಬಿಡಿ" ಎಂದರು ಚಾಚಾ. ಬಿಳಿ ಕಬ್ಬಿಣ ಕಾಣುವವರೆಗೆ ತಿಕ್ಕಿ, ತುಕ್ಕು ಹಿಡಿಯದಂತೆ ವ್ಯಾಸಲಿನ್ ಸವರಿ, ಕೂರಿಸಿದರು. ಬೇರಿಂಗಿನ ಗ್ರೀಸನ್ನು ನಂಬುವುದು ಬೇಡವೆಂದು ಹ್ಯಾಂಡಲ್ಲಿನಿಂದ ಫ್ರೇಮಿಗೆ ಒಂದು ಗೇಣುದ್ದದ ಕಪ್ಪು ವೈರನ್ನು ಪ್ರತ್ಯೇಕವಾಗಿ ಎಳೆದರು. ಗುಂಡಿಯ ಒಳಗಿನ ಹಿತ್ತಾಳೆ ಪಟ್ಟಿಯನ್ನು ಉಜ್ಜಿದರು. ಈಗ ಹಾರ್ನಿನ ತುದಿಯಲ್ಲಿ ಐದೂ ಮುಕ್ಕಾಲು ವೋಲ್ಟಿನ ಹತ್ತಿರ. ಕೂಲಿ ಮುನ್ನೂರು ರೂಪಾಯಿ. ಎರಡು ವರ್ಷ ನಾನು ಮಾಡಿಸದೆ ಬಿಟ್ಟ ಕೆಲಸ ಒಂದು ಮಧ್ಯಾಹ್ನದ್ದು.

ಮನೆಗೆ ಬರುವ ದಾರಿಯಲ್ಲಿ ಸಂತೋಷಪಡಬೇಕಿತ್ತು. ಬದಲಿಗೆ 1997 ನೆನಪಾಯಿತು. ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಆಗ ನಾನಿದ್ದ ಬ್ಯಾಂಕಿನ ಶಾಖೆಗೆ ವಿಜಾಪುರ, ಕಲಬುರ್ಗಿ ಕಡೆಯ ಕೂಲಿಕಾರರು ಬರುತ್ತಿದ್ದರು. ಪುಣೆಯ ಕಟ್ಟಡಗಳಲ್ಲಿ ಅವರ ಬೆವರಿನ ಪಾಲು ಸಣ್ಣದಲ್ಲ. ಇಂಡಿ ತಾಲ್ಲೂಕಿನ ಒಬ್ಬ ಗಾರೆ ಮೇಸ್ತ್ರಿ ಇದ್ದ. ಹದಿನಾಲ್ಕು ವರ್ಷ ದುಡಿದು ಮಗಳ ಮದುವೆಗೆಂದು ನಲವತ್ತು ಸಾವಿರ ಡಿಪಾಜಿಟ್ ಇಟ್ಟಿದ್ದ. ಒಂದು ದಿನ ಅವನ ಕಂಟ್ರಾಕ್ಟರ್ ಕಾಂಕ್ರೀಟು ಮಿಕ್ಸರ್ ಕೊಳ್ಳುವ ಸಾಲಕ್ಕೆ ಅವನನ್ನು ಜಾಮೀನಿಗೆ ಕರೆತಂದ. ಡಿಪಾಜಿಟ್ ರಸೀದಿಯನ್ನೂ ಅಡವಿಗೆ ಹಚ್ಚುವುದೆಂದಾಗಿತ್ತು. ಮ್ಯಾನೇಜರ ಕೋಣೆಯಲ್ಲಿ ಮರಾಠಿಯಲ್ಲಿ ನಗು, ಚಹಾ, ಮಾತು. ಮೇಸ್ತ್ರಿ ಬಾಗಿಲ ಹತ್ತಿರ ನಿಂತಿದ್ದ. ಕಾಗದಗಳನ್ನು ನಾನು ಅವನ ಮುಂದೆ ಇಟ್ಟಾಗ ಕನ್ನಡದಲ್ಲಿ ಕೇಳಿದ. "ಸಾಹೇಬ್ರ, ಇದು ಬರೇ ಸಾಕ್ಷಿ ಸಹಿ ಹೌದಲ್ರಿ?"

ಅಲ್ಲ. 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಸಾಲಗಾರನದು ಎಷ್ಟು ಹೊಣೆಯೋ ಜಾಮೀನುದಾರನದೂ ಅಷ್ಟೇ ಹೊಣೆ. ಮೊದಲು ಸಾಲಗಾರನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಅವನು ಹೇಳುವಂತಿಲ್ಲ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವನು. ಆ ಕೋಣೆಯಲ್ಲಿ ಅವನ ಭಾಷೆ ಬರುತ್ತಿದ್ದವನು ನಾನೊಬ್ಬನೇ. ಕಂಟ್ರಾಕ್ಟರನ ಹಳೆಯ ಖಾತೆ ಹೇಗಿತ್ತು ಎಂದೂ ನನಗೆ ಗೊತ್ತಿತ್ತು. ಆದರೆ ಮ್ಯಾನೇಜರು ನೋಡುತ್ತಿದ್ದಾರೆ. ಎಲ್ಲರ ಮುಂದೆ ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡಿದರೆ, ತನ್ನವರ ಕಡೆ ನಿಂತ ಎಂದುಕೊಳ್ಳುತ್ತಾರೆ. ನಾನು ತಲೆ ಬಗ್ಗಿಸಿ, ಕಾಗದದ ಕಡೆ ನೋಡುತ್ತಾ, "ಗ್ಯಾರಂಟಿ ಸಹಿ, ನೋಡ್ಕೊಂಡು ಮಾಡಿ" ಎಂದು ಗೊಣಗಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಸಹಿ ಮಾಡಿದ.

ಸಾಲ ಒಂದೂವರೆ ವರ್ಷದಲ್ಲಿ ಕೆಟ್ಟಿತು. ಡಿಪಾಜಿಟ್ ಸಾಲಕ್ಕೆ ಜಮೆಯಾಯಿತು. ನಿಯಮದ ಪ್ರಕಾರ ಎಲ್ಲ ಸರಿಯಾಗಿತ್ತು, ನೋಟೀಸಿಗೆ ನಾನೇ ಸಹಿ ಹಾಕಿದ್ದೆ. ಅವನು ಬಂದ. ಜಗಳವಾಡಲಿಲ್ಲ. ಕೌಂಟರಿನ ಮುಂದೆ ನಿಂತು ಹೇಳಿದ. "ನೀವು ನಮ್ ಕಡೆಯವ್ರು ಇದ್ರಿ. ನೀವು ಸುಮ್ಮ ಇದ್ರಿ ಅಂದ ಮ್ಯಾಲ ಏನೂ ಇರಂಗಿಲ್ಲ ಅನ್ಕೊಂಡೆ." ಇಷ್ಟೇ. ಹೊರಟುಹೋದ.

ಆಗ ನಾನು ಮನಸ್ಸಿನಲ್ಲಿ ಉತ್ತರ ಕೊಟ್ಟುಕೊಂಡಿದ್ದೆ. ಸುಮ್ಮನಿರಲಿಲ್ಲವಲ್ಲ, ಹೇಳಿದ್ದೆನಲ್ಲ, ನೋಡಿಕೊಂಡು ಮಾಡು ಎಂದು. ಸುಮಾರು ಇಪ್ಪತ್ತೈದು ವರ್ಷ ಆ ಉತ್ತರ ನನ್ನ ಹತ್ತಿರ ಇತ್ತು. ಆಜೋಬಾ ಬಿದ್ದ ಮೇಲೆ ಅದು ಉಳಿಯಲಿಲ್ಲ. ಏಕೆಂದರೆ ಅವರ ಮಗ ಹೇಳಿದ್ದೂ ಅದೇ ಮಾತು. ನೀವು ಹಾರ್ನ್ ಮಾಡಿದಿರಿ.

ಮೇಸ್ತ್ರಿಯ ಮಾತಿನಲ್ಲಿದ್ದ ಲೆಕ್ಕ ನನಗೆ ಈಗ ಕಾಣುತ್ತದೆ. ರಸ್ತೆಯಲ್ಲಿ ನಡೆಯುವವನು ಹಾರ್ನು ಕೇಳಿದಾಗ ಮಾತ್ರ ನಿರ್ಧಾರ ಮಾಡುವುದಿಲ್ಲ. ಕೇಳದಿದ್ದಾಗಲೂ ಮಾಡುತ್ತಾನೆ. ಹಿಂದೆ ಏನೂ ಬರುತ್ತಿಲ್ಲ, ಹೆಜ್ಜೆ ಇಡಬಹುದು ಎಂದು. ಹಾಗಾಗಿ ಎಚ್ಚರಿಸಬೇಕಾದವನ ಮೌನ ಬರಿಯ ಮೌನವಲ್ಲ, ದಾರಿ ಖಾಲಿಯಿದೆ ಎಂದು ಹೇಳಿದ ಹಾಗೆ. ನಾನು ಗೊಣಗಿದ್ದು ಅವನ ಕಿವಿಗೆ ಬಿದ್ದಿರಬಹುದು, ಬೀಳದಿರಬಹುದು. ಅವನು ಓದಿದ್ದು ನನ್ನ ಮುಖವನ್ನು. ನಮ್ಮ ಕಡೆಯವನು ಇಷ್ಟು ನಿಶ್ಚಿಂತೆಯಿಂದ ಕಾಗದ ಮುಂದಿಡುತ್ತಿದ್ದಾನೆ ಎಂದರೆ ಅಪಾಯವಿಲ್ಲ ಎಂದು ಓದಿಕೊಂಡ. ನಾನು ಅಲ್ಲಿ ಇರದೇ ಇದ್ದಿದ್ದರೆ ಬಹುಶಃ ಅವನು ಇನ್ನೂ ನಾಲ್ಕು ಜನರನ್ನು ಕೇಳುತ್ತಿದ್ದ.

ಇದಕ್ಕೆ ಎದುರು ವಾದ ಇಲ್ಲದಿಲ್ಲ. ನನ್ನ ಮಗಳಿಗೆ ಹೇಳಿದಾಗ ಅವಳು, "ಅಪ್ಪ, ನಿಮ್ಮ ಕೆಲಸ ಬ್ಯಾಂಕಿನದು, ಅವನ ವಕೀಲಿಕೆಯದಲ್ಲ. ಎಲ್ಲರಿಗೂ ಎಲ್ಲದರ ಬಗ್ಗೆ ಎಚ್ಚರಿಕೆ ಕೊಡ್ತಾ ಕೂತರೆ ಪ್ರಪಂಚ ನಡೆಯುತ್ತಾ?" ಅಂದಳು. ಸರಿಯಾದ ಮಾತೇ. ಎಲ್ಲರೂ ಎಲ್ಲದಕ್ಕೂ ಹಾರ್ನು ಹೊಡೆದರೆ ಪುಣೆಯ ಸಂಜೆಯ ರಸ್ತೆಯ ಹಾಗಾಗುತ್ತದೆ, ಯಾರ ಹಾರ್ನೂ ಯಾರಿಗೂ ಕೇಳುವುದಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಸುಮ್ಮನೆ ಹೇಳಿಲ್ಲ. ತಗ್ಗಿದ ದನಿಗೆ ಒಂದು ಬೆಲೆ ಇದೆ. ಇನ್ನೊಬ್ಬರ ಊರಿಗೆ ಬಂದವರು ಆ ಊರಿನ ಶಾಂತಿಗೆ ಗೌರವ ಕೊಡಬೇಕು, ಇದನ್ನೂ ನಾನು ಬಿಡಲಾರೆ. ಮೂವತ್ತೈದು ವರ್ಷ ಈ ಊರು ನನ್ನನ್ನು ಚೆನ್ನಾಗಿ ನೋಡಿಕೊಂಡಿದೆ.

ಆದರೆ ಒಂದು ವ್ಯತ್ಯಾಸ ನನಗೆ ಚಾಚಾನ ಮೀಟರಿನಿಂದ ತಿಳಿಯಿತು. ಗಟ್ಟಿಯಾಗಿ ಕೂಗಬಲ್ಲ ಹಾರ್ನನ್ನು ಒತ್ತದೆ ಇರುವುದು ಸಭ್ಯತೆ. ಕೂಗಲಾರದ ಹಾರ್ನು ಸಭ್ಯವಲ್ಲ, ಅದು ರಿಪೇರಿಗೆ ಹೋಗಬೇಕಾದ ಹಾರ್ನು. ಹೊರಗಿನವರಿಗೆ ಎರಡೂ ಒಂದೇ ಥರ ಕೇಳುತ್ತದೆ, ಗೊತ್ತಾಗುವುದು ಗಾಡಿಯವನಿಗೆ ಮಾತ್ರ. ನನ್ನ ಮೆತ್ತಗಿನ ದನಿಯಿಂದ ನಷ್ಟ ನನಗಾಗಿದ್ದರೆ, ಬಡ್ತಿ ತಪ್ಪಿದ್ದರೆ, ಯಾರೋ ಸರದಿ ಮುರಿದು ಮುಂದೆ ಹೋಗಿದ್ದರೆ, ಅದನ್ನು ಸೌಜನ್ಯ ಎನ್ನಬಹುದು. ನಷ್ಟ ಬಾಗಿಲ ಹತ್ತಿರ ನಿಂತ ಮೇಸ್ತ್ರಿಗಾದರೆ, ತರಕಾರಿ ಆರಿಸುತ್ತಿದ್ದ ಮುದುಕರಿಗಾದರೆ, ಆ ಹೆಸರು ಹೊಂದುವುದಿಲ್ಲ. ಪರ ಊರಿನಲ್ಲಿ ಇಷ್ಟು ವರ್ಷ ಇದ್ದು ನಾನು ಮೈತುಂಬ ಬಣ್ಣ ಬಳಿದುಕೊಂಡಿದ್ದೆ. ಮುಟ್ಟಬೇಕಾದ ಕಡೆಯೂ ಬಣ್ಣ ಹತ್ತಿತ್ತು.

ಜನವರಿಯಲ್ಲಿ ಆಜೋಬಾ ಅವರ ಪ್ಲಾಸ್ಟರು ತೆಗೆದ ಮೇಲೆ ಅವರ ಮನೆಗೆ ಹೋದೆ. ಹೆಂಡತಿ ಕೋಡುಬಳೆ ಕಟ್ಟಿಕೊಟ್ಟಿದ್ದಳು. ಅವರ ಮಗನ ಮುಂದೆಯೇ ಹೇಳಿದೆ. ಹಾರ್ನು ಕೆಟ್ಟಿದ್ದು ನನಗೆ ಎರಡು ವರ್ಷದಿಂದ ಗೊತ್ತಿತ್ತು, ತಪಾಸಣೆಯ ದಿನ ಬ್ಯಾಟರಿ ತುಂಬಿಸಿ ದಾಟಿಸಿದ್ದೆ, ಅವರ ಕಿವಿ ಮಂದವಿಲ್ಲ ಎಂದು. ಮಗ ಗಲಿಬಿಲಿಗೊಂಡು, ಇರಲಿ ಕಾಕಾ, ಇರಲಿ ಎಂದ. ಆಜೋಬಾ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆಸ್ಪತ್ರೆಯ ಬಿಲ್ಲಿನ ಅರ್ಧ ನೀವು ಕೊಡಿ" ಎಂದರು.

"ಅರ್ಧ ಯಾಕೆ? ಪೂರ್ತಿ ಕೊಡ್ತೀನಿ" ಎಂದೆ.

"ಹಿಂದೆ ನೋಡದೆ ಹೆಜ್ಜೆ ಇಟ್ಟವನು ನಾನು. ಅದು ನನ್ನ ಪಾಲು. ಅದನ್ನ ನಿಮಗೆ ಯಾಕೆ ಕೊಡಲಿ?" ಎಂದು ಕನ್ನಡಕ ಹಾಕಿಕೊಂಡು ಬಿಲ್ಲು ತೆಗೆಸಿದರು. ಮೇಷ್ಟ್ರಲ್ಲವೇ, ಭಾಗಾಕಾರ ತಪ್ಪಲಿಲ್ಲ. ನಾಲ್ಕು ಸಾವಿರದ ಇನ್ನೂರು ರೂಪಾಯಿ ಎಣಿಸಿ ಕೊಟ್ಟೆ. ಸರ್ವೀಸಿನಲ್ಲಿ ಎಷ್ಟೋ ದೊಡ್ಡ ಮೊತ್ತಗಳನ್ನು ಎಣಿಸಿದ್ದೇನೆ. ಇಷ್ಟು ಹಗುರಾಗಿದ್ದು ನೆನಪಿಲ್ಲ. ತಪ್ಪಿಲ್ಲ ಎಂದು ಎಲ್ಲರೂ ಹೇಳಿದಾಗ ಸಿಗದ ನಿದ್ದೆ ಅರ್ಧ ತಪ್ಪು ಎಂದು ಒಬ್ಬರು ಹೇಳಿದ ಮೇಲೆ ಬಂತು.

ಮೇಸ್ತ್ರಿಯ ಲೆಕ್ಕ ಹಾಗೇ ಉಳಿದಿದೆ. ಊರಿಗೆ ಹೋದಾಗ ಇಂಡಿಯವರೆಗೂ ಹೋಗಿ ವಿಚಾರಿಸಿದೆ. ನನ್ನ ನೆನಪಿನಲ್ಲಿದ್ದ ಹಳ್ಳಿಯಲ್ಲಿ ಆ ಹೆಸರಿನವರು ಇಬ್ಬರಿದ್ದರು, ಇಬ್ಬರೂ ಅವನಲ್ಲ. ಕೊಡಬೇಕಾದವನು ಇದ್ದಾನೆ, ತೆಗೆದುಕೊಳ್ಳಬೇಕಾದವನ ವಿಳಾಸ ಇಲ್ಲ. ಬ್ಯಾಂಕಿನಲ್ಲಾದರೆ ಇಂಥದ್ದಕ್ಕೆ ಒಂದು ಖಾತೆ ತೆರೆದು ಅಲ್ಲಿ ಇಡುತ್ತಾರೆ. ನಾನು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹತ್ತಿರ ಕೂಲಿಕಾರರು ನಿಲ್ಲುವ ನಾಕಾದ ಚಹಾದಂಗಡಿಯಲ್ಲಿ ಒಂದು ಗಂಟೆ ಕೂರುತ್ತೇನೆ. ಯಾರಾದರೂ ಕಾಗದ ತಂದರೆ ಓದಿ ಹೇಳುತ್ತೇನೆ, ಕನ್ನಡದಲ್ಲಿ, ಪಕ್ಕದ ಬೆಂಚಿಗೂ ಕೇಳುವ ಹಾಗೆ. ಅವನಿಗೆ ಕೊಡಬೇಕಾದದ್ದು ಇದರಿಂದ ತೀರುವುದಿಲ್ಲ, ಅದು ನನಗೆ ಗೊತ್ತು.

ಅಂದಹಾಗೆ, ಜಾವಾದ ಹಾರ್ನು ಒಮ್ಮೆ ಸರಿಮಾಡಿದರೆ ಮುಗಿಯುವ ಕೆಲಸವಲ್ಲ. ಮಳೆಗಾಲದಲ್ಲಿ ಕ್ಲಾಂಪಿನ ಸಂದಿಯಲ್ಲಿ ನೀರು ಕೂತು ಮತ್ತೆ ತುಕ್ಕು ಹಿಡಿಯುತ್ತದೆ. ತಿಂಗಳ ಮೊದಲ ಭಾನುವಾರ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಹಾಕಿ, ಕಪ್ಪು ವೈರಿನ ನಟ್ಟು ಬಿಗಿಮಾಡಿ, ಎಂಟು ಗಂಟೆಯ ಮೇಲೆ ಒಂದೇ ಒಂದು ಸಲ ಗುಂಡಿ ಒತ್ತಿ ನೋಡುತ್ತೇನೆ. ಮೂರನೆಯ ಮಹಡಿಯ ಹುಡುಗ ಬಾಲ್ಕನಿಗೆ ಬಂದು, "ಕಾಕಾ, ಕಾಯ್ ಝಾಲಂ?" ಎಂದು ಕೇಳುತ್ತಾನೆ. ಏನಾಯಿತು ಎಂದು. ಏನೂ ಇಲ್ಲಪ್ಪ, ಕೇಳಿಸ್ತಾ ಅಂತ ನೋಡಿದೆ ಅನ್ನುತ್ತೇನೆ.